ಇರ್ಮಾ ತೆರೆಯದ ಕಪಾಟು

ಹೈದರಾಬಾದ್ ವಿಮಾನ ನಿಲ್ದಾಣ

ನಿಮ್ಮ ಸೊಂಟವನ್ನು ಎಂದಾದರೂ ಪೊಲೀಸರು ಯಂತ್ರ ಹಿಡಿದು ತಪಾಸಣೆ ಮಾಡಿದ್ದಾರೆಯೇ? ಬಿಡಿ, ನಿಮ್ಮ ಸೊಂಟದಲ್ಲಿ ನೋಡುವಂಥದ್ದು ಏನಿರುತ್ತದೆ. ನನ್ನ ಸೊಂಟದಲ್ಲಿ ಹನ್ನೊಂದು ಕೀಲಿಗಳ ಗೊಂಚಲಿದೆ. ನಮ್ಮ ಅತ್ತೆ ಹಾಸಿಗೆ ಹಿಡಿದ ದಿನ ತನ್ನ ಸೊಂಟದಿಂದ ಬಿಚ್ಚಿ ನನ್ನ ಸೊಂಟಕ್ಕೆ ಸಿಕ್ಕಿಸಿದ್ದು. ಅಂದಿನಿಂದ ಸ್ನಾನದ ಹೊತ್ತು ಬಿಟ್ಟರೆ ಅದು ಕೆಳಗಿಳಿದಿಲ್ಲ. ವಿಮಾನ ನಿಲ್ದಾಣದ ಆ ಚೌಕಟ್ಟಿನೊಳಗೆ ಕಾಲಿಟ್ಟ ಕೂಡಲೇ ಚೌಕಟ್ಟು ಚೀರಿಕೊಂಡಿತು. ಖಾಕಿ ತೊಟ್ಟ ಹುಡುಗಿ ಗೊಂಚಲನ್ನು ತಟ್ಟೆಯಲ್ಲಿಡಲು ಹೇಳಿದಳು. ಇಡುವುದಿಲ್ಲ ಎಂದೆ. ಹಿಂದೆ ನಿಂತವರು ಗೊಣಗಿದರು. ಕೊನೆಗೆ ಗೊಂಚಲು ತಟ್ಟೆಯಲ್ಲಿ ಕೂತು ನನಗಿಂತ ಮೊದಲು ಆ ಕಡೆ ಹೋಯಿತು. ನಾನು ಸೆರಗು ಬಿಗಿ ಹಿಡಿದು ಅದರ ಹಿಂದೆ ಓಡಿದೆ.

ಅಷ್ಟಕ್ಕೆ ಬಿಡಲಿಲ್ಲ. ಚೀಲದಲ್ಲಿ ಜಿಡಗಾ ಮಠದಿಂದ ತಂದ ವಿಭೂತಿ ಗಟ್ಟಿ ಸಿಕ್ಕಿತು. ಬೆಳ್ಳನೆಯ ಗಟ್ಟಿ ನೋಡಿ ಮೂವರು ಸೇರಿದರು, ಒಬ್ಬ ಮೂಸಿ ನೋಡಿದ. ನಾನು ಗಟ್ಟಿಗೆ ಮೂರು ಬೆರಳು ತಿಕ್ಕಿ ಹಣೆಗೆ ಎಳೆದುಕೊಂಡೆ. ಆಗ ಖಾಕಿ ಹುಡುಗಿ ತಲೆ ಬಗ್ಗಿಸಿ ತನಗೂ ಒಂದಿಷ್ಟು ಹಚ್ಚಿಸಿಕೊಂಡಳು.

ನಗಬೇಡಿ. ಆ ದಿನ ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಸರಸಂಬಾದ ನಮ್ಮ ಮನೆಯಿಂದ ಹೈದರಾಬಾದಿನ ತನಕ ಜೀಪಿನಲ್ಲಿ ಮಗ ಸಿದ್ದಣ್ಣ ನನ್ನ ತಲೆ ತಿಂದಿದ್ದ. ಮೊಮ್ಮಗ ವೀರೇಶನ ಲಗ್ನ ನಾನು ತಿರುಗಿ ಬಂದ ನಾಲ್ಕನೇ ದಿನಕ್ಕೆ. ಹೆಣ್ಣು ಜೇವರ್ಗಿ ಕಡೆಯದು. ನಮ್ಮ ದಿಬ್ಬಣ ಅವರ ಊರ ಅಗಸಿ ಬಾಗಿಲಿಗೆ ಬಂದಾಗ ಬಂದೂಕು ಹಾರಿಸಬೇಕು ಎಂದು ಬೀಗರು ಆಸೆಪಟ್ಟಿದ್ದಾರಂತೆ. ಬಂದೂಕು ಇರುವ ಕಬ್ಬಿಣದ ಕಪಾಟಿನ ಕೀಲಿ ಈಗಲೇ ಕೊಟ್ಟು ಹೋಗು, ಎಣ್ಣೆ ಹಾಕಿ ಒರೆಸಿಡುತ್ತೇನೆ ಎಂದು ಹಟ ಹಿಡಿದ. ಬಂದ ಮೇಲೆ ಕೊಡುತ್ತೇನೆ ಎಂದು ಬಾಯಿ ಮುಚ್ಚಿಸಿದೆ. ಬೀಗರು ಬಾಯಿ ಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನಲು ಬರುವುದಿಲ್ಲ, ನಿಮಗೂ ಗೊತ್ತು. ಆದರೆ ಸಿಟ್ಟು ಬರದೇ ಇರಲಿಕ್ಕೂ ಆಗುವುದಿಲ್ಲ.

ಯಾಕೆಂದರೆ ಅದೇ ಬಂದೂಕು ನನ್ನ ಲಗ್ನದಲ್ಲೂ ಹಾರಿತ್ತು. ನನ್ನ ತವರು ಸೊನ್ನದ ಹತ್ತಿರ, ಭೀಮಾ ದಂಡೆ. ನಮ್ಮಣ್ಣ ಮಲ್ಲಣ್ಣ ಆಗ ಅಫಜಲಪುರ ಕಡೆಯ ಗರಡಿಗಳಲ್ಲಿ ಹೆಸರಾದ ಪೈಲ್ವಾನ. ತಂಗಿಯ ಲಗ್ನವೆಂದು ಅಗಸಿ ಬಾಗಿಲ ಮೇಲೆ ಹತ್ತಿ ಮಾವಿನ ತೋರಣ ಕಟ್ಟುತ್ತಿದ್ದ. ದಿಬ್ಬಣ ಬಂತು. ನನ್ನ ಗಂಡನ ಕಾಕಾ ಹೊಟ್ಟೆತುಂಬ ಕುಡಿದು ಬಂದೂಕನ್ನು ಆಕಾಶಕ್ಕೆ ಎತ್ತಿದ. ಅವನ ಆಕಾಶದಲ್ಲಿ ನಮ್ಮಣ್ಣ ಇದ್ದ. ಗುಂಡು ಮೊಣಕಾಲಿಗೆ ಬಡಿಯಿತು. ಆಗುವುದು ಆಯಿತು ಎಂದು ಹಿರಿಯರು ತೀರ್ಮಾನ ಮಾಡಿದರು. ಮುಹೂರ್ತ ತಪ್ಪಲಿಲ್ಲ. ಅಣ್ಣನ ಆ ಕಾಲು ಮತ್ತೆ ಮಡಚಲೇ ಇಲ್ಲ. ಐವತ್ತು ವರ್ಷದಿಂದ ಅಫಜಲಪುರದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ಕಾಲಿನಲ್ಲಿ ತುಳಿಯುತ್ತಾನೆ.

ಕಾಕಾ ಸತ್ತ, ಅವನ ಮೇಲಿನ ಸಿಟ್ಟು ಸಾಯಲಿಲ್ಲ. ಅವನ ಕೈಗೆ ಬಂದೂಕು ಕೊಟ್ಟ ನನ್ನ ಮಾವನ ಮೇಲೆ ಸಿಟ್ಟು. ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡು ನಿಂತು ಒಂದು ಮಾತೂ ಆಡದ ನನ್ನ ಗಂಡನ ಮೇಲೆ ಸಿಟ್ಟು, ಅವರೊಂದಿಗೆ ನಲವತ್ತು ವರ್ಷ ಸಂಸಾರ ಮಾಡಿದರೂ. ಈಗ ಪಾಳಿ ಸಿದ್ದಣ್ಣನದು.

ವಿಮಾನದೊಳಗೆ

ಪಕ್ಕದ ಸೀಟಿನಲ್ಲಿ ದಕ್ಷಿಣದ ಕಡೆಯ ಒಬ್ಬ ಹೆಂಗಸು. ನನ್ನ ಮಾತು ಕೇಳಿ ಖುಷಿಪಟ್ಟು ಯಾವ ಊರು ಎಂದು ವಿಚಾರಿಸಿದಳು. ತವರು ಅಫಜಲಪುರ ತಾಲೂಕು ಎಂದೆ. ಅಯ್ಯೋ, ಆ ಪಿಸ್ತೂಲಿನ ಭೀಮಾ ತೀರವಾ ಎಂದು ತನ್ನ ಕೈಚೀಲವನ್ನು ಈ ತೊಡೆಯಿಂದ ಆ ತೊಡೆಗೆ ಸರಿಸಿಕೊಂಡಳು. ಕಬ್ಬು, ತೊಗರಿ, ಸೊನ್ನದ ಬ್ಯಾರೇಜಿನ ನೀರು, ಯಾವುದೂ ಇವರ ಕಿವಿಗೆ ಬಿದ್ದಿಲ್ಲ. ಪಿಸ್ತೂಲೊಂದು ಬಿದ್ದಿದೆ. ನನಗೆ ಉರಿಯಿತು.

"ಗಾಬರಿ ಆಗಬ್ಯಾಡ್ರಿ," ಅಂದೆ. "ನಂದು ಮನ್ಯಾಗ ಬಿಟ್ಟು ಬಂದೇನಿ. ಬೀಗರಿಗೆ ಬೇಕಾಗ್ಯದ."

ಅದು ಸುಳ್ಳೂ ಅಲ್ಲ. ಆಕೆ ಉಳಿದ ದಾರಿಯೆಲ್ಲ ಕಿಟಕಿಯ ಕಡೆ ಮುಖ ಮಾಡಿ ಮಲಗಿದಳು.

ಜರ್ಮನಿ, ಶ್ರೀದೇವಿಯ ಊರು

ಶ್ರೀದೇವಿ ಸಿದ್ದಣ್ಣನ ಮಗಳು. ಜರ್ಮನಿಯ ಒಂದು ಸಣ್ಣ ಊರಿನ ದವಾಖಾನೆಯಲ್ಲಿ ನರ್ಸ್. ತಮ್ಮನ ಲಗ್ನಕ್ಕೆ ಹೇಗೂ ಬರುವವಳು, ಅದಕ್ಕೆ ಮೊದಲು ಇಪ್ಪತ್ತು ದಿನ ಬಂದು ಇರು, ಇಬ್ಬರೂ ಕೂಡಿಯೇ ಹಿಂತಿರುಗೋಣ ಎಂದು ನನ್ನನ್ನು ಕರೆಸಿಕೊಂಡಿದ್ದಳು. ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳೂ ಅವಳೇ. ಈ ಬರಹ ನಿಮಗೆ ಕಷ್ಟ ಕೊಟ್ಟರೆ ಬೈಗುಳ ಅವಳಿಗೆ ಕಳಿಸಿ.

ಊರು ಚೊಕ್ಕ. ಎಷ್ಟು ಚೊಕ್ಕ ಎಂದರೆ ಉಗುಳಬೇಕೆಂದರೆ ವಿಳಾಸ ಹುಡುಕಬೇಕು. ಜನ ಕೆಟ್ಟವರಲ್ಲ, ಆದರೆ ಒಬ್ಬರ ಮನೆಗೆ ಇನ್ನೊಬ್ಬರು ಹೇಳದೆ ಬರುವುದಿಲ್ಲ. ಬಂದರೆ ಜಗಳಕ್ಕೇ ಬಂದರೆಂದು ತಿಳಿಯಬೇಕು. ಮೊದಲ ಭಾನುವಾರ ನಾನು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುತ್ತಿದ್ದಾಗ ಕೆಳಗಿನ ಮನೆಯವನು ಬಾಗಿಲು ತಟ್ಟಿದ. ವಾಸನೆಗೆ ಬಂದಿರಬೇಕು ಎಂದು ಒಂದು ವಾಟಗಾ ಬಟ್ಟಲು ತುಂಬ ಹಿಂಡಿ ಕೈಯಲ್ಲಿಟ್ಟೆ. ಅವನು ಬಂದದ್ದು ಭಾನುವಾರ ಕುಟ್ಟಬಾರದು ಎಂದು ಹೇಳಲಿಕ್ಕಂತೆ. ಭಾನುವಾರ ಇಲ್ಲಿ ಯಾರೂ ಸದ್ದು ಮಾಡಬಾರದು. ನಮ್ಮ ಸರಸಂಬಾದಲ್ಲಿ ಮುಂಜಾನೆ ಕುಟ್ಟುವ ಸದ್ದು ಬರದಿದ್ದರೆ, ಮನೆಯಲ್ಲಿ ಯಾರಿಗೆ ಆರಾಮಿಲ್ಲ ಎಂದು ಕೇಳಲು ಮಂದಿ ಬರುತ್ತಾರೆ. ಹಿಂಡಿಯನ್ನು ಮಾತ್ರ ಅವನು ವಾಪಸು ಕೊಡಲಿಲ್ಲ.

ಶನಿವಾರ, ಕ್ಲಬ್ಬು

ಶನಿವಾರ ಮಧ್ಯಾಹ್ನ ಶ್ರೀದೇವಿ ತನ್ನ ಕ್ಲಬ್ಬಿಗೆ ಹೋಗೋಣ ಎಂದಳು. ನಮ್ಮ ಓಣಿಯ ಅಕ್ಕನ ಬಳಗದಂಥದ್ದು ಇರಬೇಕು ಎಂದುಕೊಂಡು ಇಳಕಲ್ ಸೀರೆ ಉಟ್ಟು ಹೊರಟೆ. ಊರ ಹೊರಗೆ ಉದ್ದನೆಯ ಕಟ್ಟಡ. ಒಳಗೆ ಹೋದರೆ ಗೋಡೆಯ ತುಂಬ ಗುರಿಯ ಕಾಗದಗಳು. ಮೇಜಿನ ಮೇಲೆ ಸಾಲಾಗಿ ಪಿಸ್ತೂಲುಗಳು.

ನನ್ನ ಮೊಮ್ಮಗಳು ಅದರಲ್ಲೊಂದನ್ನು ಸೌಟು ಎತ್ತಿದಷ್ಟು ಸಲೀಸಾಗಿ ಎತ್ತಿದಳು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಒತ್ತಲಾರೆ. ಆ ದೇಶದ ಮಂದಿಗೆ ಅರ್ಥವಾಗದ್ದು ನನ್ನ ಪುಣ್ಯ. ನಿಮ್ಮ ಮಲ್ಲಜ್ಜನ ಕಾಲು ನೋಡಿ ಬೆಳೆದವಳು ನೀನು, ಅವನು ಹೊಲಿದ ಲಂಗ ತೊಟ್ಟು ಸಾಲಿಗೆ ಹೋದವಳು, ನಿನಗೆ ಇದೇ ಬೇಕಾಗಿತ್ತೇ ಎಂದು ಕೇಳಿದೆ. ಅವಳು ತಣ್ಣಗೆ, ಪಿಸ್ತೂಲನ್ನು ಮೊದಲು ಕೆಳಗಿಟ್ಟು, ಆಮೇಲೆ ನನ್ನ ಕಡೆ ತಿರುಗಿದಳು.

"ಅಜ್ಜೀ, ಇಲ್ಲಿ ಯಾರೂ ಮಂದಿಗೆ ಹೊಡ್ಯಾಕ ಕಲಿಯಾಕತ್ತಿಲ್ಲ. ಕೈ ನಡಗಬಾರ್ದು ಅಂತ ಕಲಿಯಾಕತ್ತಾರ. ನಾ ದಿನಾ ಹಸಗೂಸಿಗೆ ಸೂಜಿ ಚುಚ್ಚಾಕಿ."

ಕೈ ನಡುಗಬಾರದು ಎಂದರೆ ಶಾವಿಗೆ ಹೊಸೆ ಎಂದೆ. ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಕಿವಿಗೆ ದೊಡ್ಡ ಬಟ್ಟಲುಗಳಂಥವನ್ನು ಹಾಕಿದರು. ಅದರೊಳಗೆ ನನ್ನ ಸಿಟ್ಟು ನನಗೇ ಕೇಳಿಸುತ್ತಿತ್ತು.

ಅಲ್ಲಿ ಇರ್ಮಾಳನ್ನು ನೋಡಿದೆ. ನನ್ನ ವಯಸ್ಸಿನ ಹೆಂಗಸು, ಗಂಡು ಕಟಾವಿನ ಕೂದಲು, ಸೊಂಟದ ಪಟ್ಟಿಯಲ್ಲಿ ಕೀಲಿಗಳ ಗೊಂಚಲು. ನನ್ನದಕ್ಕಿಂತ ದೊಡ್ಡದು. ಅವಳ ಕಣ್ಣು ನನ್ನ ಸೊಂಟಕ್ಕೆ ಬಿತ್ತು, ನನ್ನದು ಅವಳ ಸೊಂಟಕ್ಕೆ. ಇಬ್ಬರೂ ನಕ್ಕೆವು. ಆ ದೇಶದಲ್ಲಿ ಬೀಗಿತ್ತಿಯಂತೆ ಕಂಡವಳು ಅವಳೊಬ್ಬಳೇ. ಪಿಸ್ತೂಲುಗಳ ಕಪಾಟು ಅವಳ ಸುಪರ್ದಿನಲ್ಲಿ. ತೆಗೆದು ಕೊಡುವವಳು ಅವಳು, ಎಣಿಸಿ ಒಳಗಿಡುವವಳೂ ಅವಳು.

ಅದೇ ಶನಿವಾರ, ಮೇಜಿನ ಸುತ್ತ

ಗುಂಡು ಹೊಡೆಯುವುದು ಮುಗಿದ ಮೇಲೆ ಒಂದು ಪದ್ಧತಿ. ಎಲ್ಲರ ಪಿಸ್ತೂಲೂ ಕಪಾಟಿನೊಳಗೆ ಹೋಗಬೇಕು. ಇರ್ಮಾ ಕೀಲಿ ತಿರುಗಿಸಿ, ಹಿಡಿಕೆ ಎಳೆದು ನೋಡಿ, ಕೈಯೆತ್ತಬೇಕು. ಅಲ್ಲಿಯ ತನಕ ಯಾರೂ ಬಾಟಲಿಯ ಮುಚ್ಚಳ ತೆಗೆಯುವಂತಿಲ್ಲ. ಕೈಯೆತ್ತಿದಳೋ, ಮೇಜಿನ ತುಂಬ ಗ್ಲಾಸು.

ಆಮೇಲೆ ಹರಟೆ. ಹೊಸದಾಗಿ ಬಂದವರಿಗೆ ಎರಡು ಪ್ರಶ್ನೆ ಕೇಳುತ್ತಾರೆ, ನಿನಗೆ ಮೆಚ್ಚಿಕೆಯ ಪಿಸ್ತೂಲು ಯಾವುದು, ಮೆಚ್ಚಿಕೆಯ ಕುಡಿತ ಯಾವುದು. ಹಳಬರೂ ಉತ್ತರ ಹೇಳಬೇಕು, ಹೋದ ವಾರ ಹೇಳಿದ್ದರೂ. ಶ್ರೀದೇವಿ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು. ಒಬ್ಬ ಬಸ್ ಡ್ರೈವರ್. ಅವನಿಗೆ ಕಟ್ಟಿಗೆ ಹಿಡಿಯ ಭಾರದ ಪಿಸ್ತೂಲೇ ಆಗಬೇಕು, ಆ ಹಿಡಿಗೆ ತಾನೇ ಅಕ್ರೋಟಿನ ಎಣ್ಣೆ ತಿಕ್ಕುತ್ತಾನೆ, ಕುಡಿಯುವುದು ಕಪ್ಪು ಬೀರು. ಒಬ್ಬಳು ಸಾಲಿ ಟೀಚರು, ಸಣ್ಣ ಪಿಸ್ತೂಲಿನವಳು. ದೊಡ್ಡವು ಚೀರುತ್ತವೆ, ಇಡೀ ವಾರ ಮಕ್ಕಳ ಚೀರಾಟ ಕೇಳಿದ್ದು ಸಾಕು ಎಂದಳು. ಅವಳ ಕುಡಿತ ಪುದೀನಾ ಚಹಾ. ಅದಕ್ಕೆ ಎಲ್ಲರೂ ನಕ್ಕರು. ಪ್ರತಿ ವಾರ ನಗುತ್ತಾರಂತೆ. ಕ್ಲಬ್ಬಿನ ಅಧ್ಯಕ್ಷ ಒಟ್ಟೊ, ಬಿಳಿ ಮೀಸೆಯ ಮುದುಕ. ತನ್ನ ಅಜ್ಜನ ಕಾಲದ ರಿವಾಲ್ವರ್ ಬಿಟ್ಟರೆ ಬೇರೆ ಯಾವುದಕ್ಕೂ ನಡತೆ ಇಲ್ಲ ಎಂದ. ಕಟ್ಟಿಗೆ ಹಿಡಿ ಬೆವರುತ್ತದೋ ಇಲ್ಲವೋ ಎಂದು ಡ್ರೈವರನಿಗೂ ಅವನಿಗೂ ಜಿದ್ದು ಬಿತ್ತು.

ನಮ್ಮ ಆಳಂದ ಸಂತೆಯ ಹೋಟೆಲಿನಲ್ಲಿ ಗಂಡಸರು ಎತ್ತುಗಳ ಬಗ್ಗೆ ಮಾತನಾಡುವುದೂ ಹೀಗೆಯೇ. ಇದರ ಸುಳಿ ಹಾಗೆ, ಅದರ ಹೆಜ್ಜೆ ಹೀಗೆ. ನನಗೆ ಅದೇ ತಡೆಯದಾಯಿತು. ಎತ್ತಿನ ಮಾತಿನಂತೆ ಆಡುತ್ತಾರಲ್ಲ, ನಗುತ್ತ, ಗ್ಲಾಸಿಗೆ ಗ್ಲಾಸು ತಾಗಿಸುತ್ತ. ಕುಡಿತ ಮತ್ತು ಬಂದೂಕು ಎರಡೂ ಒಂದೇ ಮೇಜಿನ ಮಾತಾದರೆ ಏನಾಗುತ್ತದೆ ಎನ್ನುವುದನ್ನು ಅಫಜಲಪುರಕ್ಕೆ ಬಂದು ಒಂದು ಕಾಲು ನೋಡಿ ಹೋಗಲಿ.

ನನ್ನ ಪಾಳಿ ಬಂತು. ಹೇಳಿಯೇ ಬಿಟ್ಟೆ. ಮೆಚ್ಚಿಕೆಯದು ಯಾವುದೂ ಇಲ್ಲ, ಗೊತ್ತಿರುವುದು ಒಂದಿದೆ ಎಂದು ಶುರು ಮಾಡಿ ಅಗಸಿ ಬಾಗಿಲು, ತೋರಣ, ಕಾಕಾ, ಮೊಣಕಾಲು ಎಲ್ಲ. ಶ್ರೀದೇವಿ ನಡುವೆ ಎರಡು ಸಲ ತಡೆದಳು, ಆದರೂ ಪೂರ್ತಿ ಜರ್ಮನ್ ಮಾಡಿ ಹೇಳಿದಳು. ಟೀಚರಮ್ಮ ಚಹಾದ ಕಪ್ಪನ್ನು ತಿರುಗಿಸುತ್ತ ಕೂತಳು.

ಎರಡನೆಯ ಪ್ರಶ್ನೆ ಉಳಿದಿತ್ತು. ಕಾಕಾ ಅಂದು ಏನು ಕುಡಿದಿದ್ದನೋ ಅದರ ರುಚಿ ನಾನು ಒಮ್ಮೆಯೂ ನೋಡಿಲ್ಲ, ಯಾವುದಕ್ಕಾಗಿ ಮನುಷ್ಯ ಕಣ್ಣು ಕಳೆದುಕೊಳ್ಳುತ್ತಾನೋ ಅದನ್ನು ಕೊಡಿ ಎಂದೆ. ಶ್ರೀದೇವಿ ಬೇಡ ಬೇಡ ಎಂದು ಕೈ ಹಿಡಿದಳು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಇಟ್ಟುಕೊಂಡೇ ಸೇಬಿನ ಮದ್ಯವನ್ನು ಅರ್ಧ ಗ್ಲಾಸು ಕುಡಿದೆ. ಓದುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಹುಳಿ ಬಂದ ಅಂಬಲಿಯ ನೀರು ಬಸಿದಂತಿತ್ತು. ಇದಕ್ಕಾಗಿಯೇ ಅಣ್ಣನ ಕುಸ್ತಿ ಹೋಯಿತೇ ಎನಿಸಿ ಸಿಟ್ಟು ಮತ್ತಷ್ಟು ಏರಿತು.

ಒಟ್ಟೊ ಒಳ್ಳೆಯ ಮನುಷ್ಯ. ಮಾತು ತಿರುಗಿಸಲೆಂದು, ಅಜ್ಜನ ರಿವಾಲ್ವರ್ ಇಲ್ಲಿಯೇ ಇದೆ, ನಿಮಗೆ ತೋರಿಸಬೇಕಿತ್ತು ಎಂದ. ತೋರಿಸಿ ಎಂದೆ. ನನಗೂ ಬಂದೂಕು ಗೊತ್ತು ಎಂದು ಅವರಿಗೆ ತಿಳಿಯಲಿ. ನಮ್ಮಲ್ಲಿ ಇಲೆಕ್ಷನ್ ಬಂದಾಗಲೆಲ್ಲ ಮನೆಯ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ನಮ್ಮ ಯಜಮಾನರ ಬೆನ್ನು ನೆಟ್ಟಗಿರಲಿಲ್ಲ. ನಾನೇ ಕೌದಿಯಲ್ಲಿ ಸುತ್ತಿ ಹೊತ್ತು ಆಳಂದದ ಬಸ್ ಹತ್ತುತ್ತಿದ್ದೆ, ಅವರು ಹಿಂದೆ ಲೈಸೆನ್ಸಿನ ಪುಸ್ತಕ ಹಿಡಿದು ಬರುತ್ತಿದ್ದರು. ಕಂಡಕ್ಟರ್ ಅದನ್ನು ಬಾಣಂತಿಗೆ ಒಯ್ಯುವ ಹಾಸಿಗೆ ಎಂದು ತಿಳಿದು ಜಾಗ ಬಿಡಿಸಿ ಕೊಡುತ್ತಿದ್ದ. ಬಂದೂಕನ್ನು ಬಿಚ್ಚಿ, ನಳಿಗೆಯಲ್ಲಿ ಬೆಳಕು ನೋಡಿ, ಖಾಲಿ ಎಂದು ಖಾತ್ರಿ ಮಾಡುವುದನ್ನು ಠಾಣೆಯ ಹವಾಲ್ದಾರ ನನಗೇ ಕಲಿಸಿದ್ದ.

ಒಟ್ಟೊ ಕೀಲಿಗಾಗಿ ಕೈ ಚಾಚಿದ. ಇರ್ಮಾ ನನ್ನ ಗ್ಲಾಸನ್ನು ನೋಡಿದಳು. ಕದಲಲಿಲ್ಲ. ಕುಡಿದವರಿಗೆ ಕಪಾಟು ತೆರೆಯುವುದಿಲ್ಲ, ನಾಳೆ ಮುಂಜಾನೆ ಬಂದರೆ ಎಲ್ಲ ತೆಗೆದು ತೋರಿಸುತ್ತೇನೆ ಎಂದಳು.

ನಾನು ಅರ್ಧ ಗ್ಲಾಸು ಕುಡಿದವಳು. ಅದನ್ನು ಕುಡಿತ ಎನ್ನುತ್ತಾರೆಯೇ? ಶ್ರೀದೇವಿಗೆ ಹೇಳಿಸಿದೆ, ನಾನು ಏಳು ಸಮುದ್ರ ದಾಟಿ ಬಂದ ಮೇಹಮಾನಳು, ನಮ್ಮ ಕಡೆ ಮನೆಗೆ ಬಂದವರು ಬಾಯಿ ಬಿಟ್ಟು ಕೇಳಿದರೆ ಇಲ್ಲ ಎನ್ನುವ ಪದ್ಧತಿ ಇಲ್ಲ. ನಿಮ್ಮ ಅಧ್ಯಕ್ಷನೇ ಕೇಳುತ್ತಿದ್ದಾನಲ್ಲ ಎಂದೂ ಸೇರಿಸಿದೆ.

"ಅಧ್ಯಕ್ಷ ಮೂರು ಗ್ಲಾಸ್ ಕುಡದಾನ ಅಂತಾಳ," ಎಂದಳು ಶ್ರೀದೇವಿ. "ಆಕಿ ಗಂಡ ಇದ್ದಾಗ ಆಂವಗೂ ತಗದಿಲ್ಲಂತ ಅಜ್ಜೀ. ಮೂರು ದಿನ ಮಾತ ಬಿಟ್ಟಿದ್ನಂತ."

ಒಟ್ಟೊ ಮೀಸೆಯೊಳಗೆ ನಕ್ಕು ಕೈ ಹಿಂದೆಗೆದ. ಅವನಿಗೆ ಅವಮಾನವಾಗಲಿಲ್ಲ, ಅದು ನನಗೆ ಆಶ್ಚರ್ಯ. ನನಗಂತೂ ಆಯಿತು. ಐವತ್ತು ವರ್ಷ ಕುಡುಕರನ್ನು ಬೈದ ನನ್ನನ್ನು, ಆರು ಜನರೆದುರು, ಕುಡಿದವಳು ಎಂದುಬಿಟ್ಟಳಲ್ಲ. ಎದ್ದು ಹೊರಗೆ ಬಂದು ಕಾರಿನ ಪಕ್ಕ ನಿಂತೆ. ಇರ್ಮಾ ಬಾಗಿಲಿನ ತನಕ ಬಂದು ಏನೋ ಹೇಳಿದಳು. ನಾನು ಕನ್ನಡದಲ್ಲಿ ತಿರುಗಿ ಹೇಳಿದೆ. ಇಬ್ಬರಿಗೂ ಅರ್ಥವಾಗಲಿಲ್ಲ, ಇಬ್ಬರಿಗೂ ತಿಳಿಯಿತು.

ಭಾನುವಾರ ಮುಂಜಾನೆ

ಎದ್ದಾಗಲೂ ಸಿಟ್ಟು ಇಳಿದಿರಲಿಲ್ಲ. ಹಿಂಡಿ ಕುಟ್ಟೋಣ ಎಂದರೆ ಭಾನುವಾರ. ಅದಕ್ಕೇ ಈ ಫೋನನ್ನು ಬೆರಳಿನಿಂದ ಕುಟ್ಟುತ್ತಿದ್ದೇನೆ, ಇದಕ್ಕೆ ಇನ್ನೂ ಯಾರೂ ಬಾಗಿಲು ತಟ್ಟಿಲ್ಲ. ನಡುವೆ ಸಿದ್ದಣ್ಣನ ಫೋನು ಬಂತು. ಎಣ್ಣೆ ತಂದಿಟ್ಟಿದ್ದಾನಂತೆ. ಜೇವರ್ಗಿ ಬೀಗರು ಮತ್ತೊಮ್ಮೆ ನೆನಪು ಮಾಡಿದ್ದಾರಂತೆ. ಕೀಲಿಯನ್ನು ನೀನೇ ಇಟ್ಟುಕೋ, ಆ ದಿನ ಕಪಾಟು ತೆಗೆದು ಕೊಟ್ಟರೆ ಸಾಕು ಎಂದ. ನೋಡೋಣ ಎಂದು ಇಟ್ಟೆ.

ಆಮೇಲೆ ಅಫಜಲಪುರಕ್ಕೆ, ಮಲ್ಲಣ್ಣನಿಗೆ ಮಾಡಿದೆ. ನನ್ನ ಸಿಟ್ಟನ್ನು ಕೇಳಿಸಿಕೊಳ್ಳುವ ಹಕ್ಕು ಇರುವವನು ಅವನೊಬ್ಬನೇ. ಯಂತ್ರ ತುಳಿಯುತ್ತಲೇ ಕೇಳಿದ, ಟಕಟಕ ಸದ್ದು ಬರುತ್ತಿತ್ತು. ಕ್ಲಬ್ಬು, ಹರಟೆ, ಅರ್ಧ ಗ್ಲಾಸು ಎಲ್ಲ ಹೇಳಿದೆ. ಅರ್ಧ ಗ್ಲಾಸಿಗೆ ನಕ್ಕ. ಆ ಮುದುಕಿ ಕಪಾಟು ತೆಗೆಯಲಿಲ್ಲ, ಮಂದಿಯ ಮುಂದೆ ನನ್ನ ಮಾನ ತೆಗೆದಳು ಎಂದಾಗ ಯಂತ್ರ ನಿಂತಿತು.

"ಆಕಿ ಸೊಂಟದಾಗೂ ಕೀಲಿ ಇದ್ವು ಅಂದಿ?"

"ಹೌದು. ನನ್ನವಕ್ಕಿಂತ ಹೆಚ್ಚಿಗಿ."

"ಗಂಡ ಕೇಳಿದ್ರೂ ತಗೀಲಿಲ್ಲ. ಅಧ್ಯಕ್ಷ ಕೇಳಿದ್ರೂ ತಗೀಲಿಲ್ಲ."

"ಸೊಕ್ಕಿನಾಕಿ," ಎಂದೆ.

ಅವನು ದಾರ ಕತ್ತರಿಸಿದ ಸದ್ದು ಬಂತು. ಸಿದ್ದಣ್ಣನ ಲಗ್ನ ನೆನಪಿದೆಯೇ ಎಂದು ಕೇಳಿದ. ನಿನ್ನ ಇಬ್ಬರು ಹೆಣ್ಣುಮಕ್ಕಳ ಲಗ್ನ, ನಿನ್ನ ಮೈದುನನ ಮಗನ ಲಗ್ನ, ಅವೂ ನೆನಪಿವೆಯೇ ಎಂದ. ಪ್ರತಿ ಸಲ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ನಾನೇ ನೋಡಿದ್ದೇನೆ ಎಂದ. ಬೀಗರು ಕೇಳುತ್ತಿದ್ದರು, ನೀನು ಬೈಯುತ್ತ ಬೈಯುತ್ತ ಎದ್ದು ಹೋಗುತ್ತಿದ್ದೆ, ಗೊಂಚಲಿನಲ್ಲಿ ಉದ್ದನೆಯ ಕೀಲಿ ಹುಡುಕುತ್ತಿದ್ದೆ, ತೆಗೆದು ಕೊಡುತ್ತಿದ್ದೆ. ಆಮೇಲೆ ಬಂದು ನನ್ನ ಪಕ್ಕ ಕೂತು ಮತ್ತೆ ಬೈಯುತ್ತಿದ್ದೆ.

ನಾನು ಸಿಟ್ಟಿನಲ್ಲಿ ಕೂಗಿದೆ. ಬೀಗರ ಮುಂದೆ ಮನೆಯ ಮಾನದ ಪ್ರಶ್ನೆ, ನಾನೊಬ್ಬಳು ಏನು ಮಾಡಬೇಕಿತ್ತು ಎಂದೆ. ಈಗಲೂ ಏನು ಮಾಡಲಿ, ಜೇವರ್ಗಿಯವರು ಎರಡು ಸಲ ಕೇಳಿದ್ದಾರೆ, ಅವರಿಗೆ ಏನು ಉತ್ತರ ಕೊಡಲಿ ಎಂದೆ.

ಟಕಟಕ ಮತ್ತೆ ಶುರುವಾಯಿತು.

"ಜೇವರ್ಗಿ ಅಗಸಿ ಮ್ಯಾಲೂ ಆವತ್ತ ತೋರಣ ಕಟ್ಟಾಕ ಯಾವನರೆ ಒಬ್ಬ ಏರೇ ಇರ್ತಾನ, ನೀಲವ್ವಾ," ಎಂದ ಮಲ್ಲಣ್ಣ. "ಆಂವನ ಹೆಸರು ಏನಂತ ಬೀಗರಿಗಿ ಕೇಳು. ಆಮ್ಯಾಲ ಕೀಲಿ ಹುಡುಕು."